ಮುಲಾಮು ಹಚ್ಚುವ ಪಾಳಿ

೯ ಜನವರಿ ೧೯೮೭, ಶುಕ್ರವಾರ

ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ರಟ್ಟಿನ ಮೇಲೆ ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟಿನ ಚಿತ್ರ. ಸ್ಟೋರ್ ಕೀಪರನಾದ ನನಗೆ ಬರೆಯುವುದು ಹೊಸದಲ್ಲ. ದಿನವಿಡೀ ಬ್ಲೇಡು, ಗ್ರೀಸು, ಕೈಗವಸು ಅಂತ ಬರೆಯುತ್ತಲೇ ಇರುತ್ತೇನೆ. ಮನೆಯ ಮಾತು ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಹೊರಗೆ ಹೇಳಿದರೆ ಜನ ನಗುತ್ತಾರೆ, ಹೇಳದೆ ಇದ್ದರೆ ಉಂಡದ್ದು ಅರಗುವುದಿಲ್ಲ.

ಆದದ್ದು ಇಷ್ಟು. ನನ್ನ ಹೆಂಡತಿ ನೀಲಾಬಾಯಿ ಇವತ್ತು ಬಾಗಲಕೋಟೆಯಿಂದ ನಗುತ್ತಾ ಬಂದಳು.

ಅವಳಿಗೆ ಸೋರಿಯಾಸಿಸ್ ಶುರುವಾಗಿ ಮೂರು ವರ್ಷವಾಯಿತು. ಬೆನ್ನು, ಮೊಳಕೈ, ಮೊಣಕಾಲು, ಎಲ್ಲೆಲ್ಲೂ ಕೆಂಪು ಚಕ್ಕೆ, ಅದರ ಮೇಲೆ ಬಿಳಿ ಪೊರೆ. ಅಂಟುವ ರೋಗವಲ್ಲ ಅಂತ ಡಾಕ್ಟರು ಎಷ್ಟೋ ಸಲ ಹೇಳಿದ್ದಾರೆ. ಓಣಿಯ ಹೆಂಗಸರು ನಂಬಲಿಲ್ಲ, ಅರಿಶಿನ ಕುಂಕುಮಕ್ಕೆ ಕರೆಯುವುದನ್ನೇ ಬಿಟ್ಟರು. ನಾನು ನಂಬಿದ್ದೇನೆ. ನಾನು ಹೊರಗಿನ ಕೋಣೆಯಲ್ಲಿ ಮಲಗುವುದು ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಅಂತ, ಬೇರೆ ಯಾವ ಕಾರಣಕ್ಕೂ ಅಲ್ಲ.

ಹೋದ ತಿಂಗಳಿಂದ ಬಾಗಲಕೋಟೆಯ ದವಾಖಾನೆಯಲ್ಲಿ ಹೊಸ ಚಿಕಿತ್ಸೆ ನಡೆದಿದೆ. ಡಾಂಬರಿನ ಮುಲಾಮು ಹಚ್ಚಿಕೊಂಡು ನೇರಳೆ ಬಣ್ಣದ ಲೈಟಿನ ಮುಂದೆ ಕೂರುವುದು. ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ. ಮೊದಲ ಸಲ ನಾನೇ ಕರೆದುಕೊಂಡು ಹೋದೆ. ಆಮೇಲೆ ರಜೆ ಸಿಗಲಿಲ್ಲ, ಒಬ್ಬಳೇ ಹೋಗು ಅಂದೆ. ಆ ದಿನ ಅತ್ತಳು. ಇವತ್ತು ನೋಡಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗು.

"ಏನ ನಗಾಕತ್ತಿ?" ಅಂದೆ.

"ಏನಿಲ್ರಿ, ಬಸ್ಸಿನಾಗ ಆಡಿದ್ದ ಒಂದ ಮಾತ ನೆನಪಾತು."

"ಏನ ಮಾತದು?"

"ನಿಮಗ ಹೇಳಿದ್ರ ನಗಿ ಬರೂದಿಲ್ಲ ಬಿಡ್ರಿ."

ಕೈಯಲ್ಲಿ ಅಮೀನಗಡದ ಕರದಂಟಿನ ಪೊಟ್ಟಣ. ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಾನು ತಿನ್ನಲೂ ಇಲ್ಲ.

೧೩ ಜನವರಿ, ಮಂಗಳವಾರ

ಇವತ್ತೂ ಕರದಂಟು. ಬೆಳಿಗ್ಗೆ ಹೋಗುವಾಗ ತಲೆಗೆ ಸೇವಂತಿಗೆ ಮುಡಿದಿದ್ದಳು. ದವಾಖಾನೆಗೆ ಹೋಗುವವಳಿಗೆ ಹೂವು ಯಾಕೆ? ಆ ಡಾಂಬರಿನ ವಾಸನೆಯಲ್ಲಿ ಹೂವಿನ ವಾಸನೆ ಯಾರ ಮೂಗಿಗೆ ಹತ್ತಬೇಕು?

ಯಾರ ಮೂಗಿಗೆ ಅಂತ ಯೋಚಿಸುತ್ತಾ ಇಡೀ ದಿನ ಸ್ಟೋರಿನಲ್ಲಿ ಕುಳಿತೆ. ಗ್ರೀಸು ಕೇಳಿದವನಿಗೆ ಸೀಮೆಎಣ್ಣೆ ಕೊಟ್ಟು ಕಳಿಸಿದೆನಂತೆ.

೨೧ ಜನವರಿ, ಬುಧವಾರ

ದಾರಿ ಸಿಕ್ಕಿತು. ಆಫೀಸಿನ ಗುಮಾಸ್ತ ಹುಲ್ಲಪ್ಪ ಊಟದ ಹೊತ್ತಿನಲ್ಲಿ ಹೇಳಿದ. ಹೋದ ವರ್ಷ ಕಂಪನಿಯವರು ನಮ್ಮೆಲ್ಲರಿಗೂ ಆರೋಗ್ಯ ವಿಮೆ ಮಾಡಿಸಿದ್ದಾರಲ್ಲ, ಅದರಲ್ಲಿ ಹೆಂಡತಿಯೂ ಸೇರುತ್ತಾಳಂತೆ. ವಿಮೆಯವರು ಒಪ್ಪಿದರೆ ಆ ನೇರಳೆ ಲೈಟನ್ನು ಮನೆಗೇ ತರಿಸಿಕೊಡುತ್ತಾರಂತೆ.

"ಮನಿಯಾಗ ಲೈಟ್ ಬಂದ್ರ ಬಾಗಲಕೋಟಿಗೆ ಹೋಗೂ ಕೆಲಸ ಇರೂದಿಲ್ಲ ಹೌದಲ್ಲೋ?" ಅಂತ ಕೇಳಿದೆ.

"ಏನೂ ಇಲ್ಲ. ವೈನಿಯವ್ರು ಆರಾಮ ಮನಿಯಾಗ ಇರತಾರ."

ಪಾಪ, ಅವಳಿಗೆ ಈ ಓಡಾಟ ಬಹಳ ಆಗುತ್ತಿದೆ. ಹುನಗುಂದದವರೆಗೆ ರಸ್ತೆಯಲ್ಲಿ ತಗ್ಗೇ ತಗ್ಗು. ಅವಳ ಆರಾಮಿಗಾಗಿ ನಾನು ಈ ಕೆಲಸ ಮಾಡಿಯೇ ತೀರುತ್ತೇನೆ. ಅವಳಿಗೆ ಈಗಲೇ ಹೇಳುವುದಿಲ್ಲ, ಆದಮೇಲೆ ಹೇಳಿದರೆ ಖುಷಿಯಾಗುತ್ತಾಳೆ.

೩೦ ಜನವರಿ, ಶುಕ್ರವಾರ

ಮೈಯಲ್ಲಿ ಜ್ವರ ಅಂತ ಮ್ಯಾನೇಜರಿಗೆ ಹೇಳಿ ಮಧ್ಯಾಹ್ನ ಅಮೀನಗಡಕ್ಕೆ ಹೋದೆ. ಬಾಗಲಕೋಟೆಯಿಂದ ಬರುವ ಬಸ್ಸು ಅಲ್ಲಿ ಚಹಾಕ್ಕೆ ನಿಲ್ಲುತ್ತದೆ. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕಂಬದ ಮರೆಗೆ ಕುಳಿತೆ. ಈ ವಯಸ್ಸಿನಲ್ಲಿ ಇಂಥ ಕೆಲಸ ಮಾಡುತ್ತೇನೆ ಅಂದುಕೊಂಡಿರಲಿಲ್ಲ.

ಬಸ್ಸು ಬಂತು. ನೀಲಾ ಇಳಿದಳು, ಅವಳ ಹಿಂದೆ ಇನ್ನೊಬ್ಬಳು ಇಳಿದಳು. ಮುಸಲ್ಮಾನರ ಹೆಂಗಸು, ಮೂವತ್ತರ ಆಸುಪಾಸು, ತಲೆಯ ಮೇಲೆ ಸೆರಗು. ಗಂಡಸು ಯಾರೂ ಇರಲಿಲ್ಲ. ಎರಡು ಸಲ ನೋಡಿದೆ, ಇರಲಿಲ್ಲ.

ಇಬ್ಬರೂ ಅಂಗಡಿಯ ಕಟ್ಟೆಯ ಮೇಲೆ ಕುಳಿತರು. ಒಂದೇ ಕಪ್ಪು ಚಹಾ ತರಿಸಿ, ನೀಲಾ ಬಸಿಯಲ್ಲಿ ಕುಡಿದಳು, ಅವಳು ಕಪ್ಪಿನಲ್ಲಿ ಕುಡಿದಳು. ಆಮೇಲೆ ಆ ಹೆಂಗಸು ನೀಲಾನ ಕುಬಸದ ತೋಳನ್ನು ಮೇಲೆ ಸರಿಸಿ ಮೊಳಕೈ ಮೇಲೆ ಹೆಬ್ಬೆರಳು ಆಡಿಸಿ ಏನೋ ಅಂದಳು. ನೀಲಾ ತಲೆ ಹಿಂದಕ್ಕೆ ಹಾಕಿ ನಕ್ಕಳು. ಮದುವೆಯಾಗಿ ಹದಿನೈದು ವರ್ಷವಾಯಿತು, ಅವಳ ಒಳಗಿನ ದವಡೆ ಹಲ್ಲು ಹೇಗಿದೆ ಅಂತ ನಾನು ನೋಡಿದ್ದು ಇವತ್ತೇ, ಅದೂ ಹೋಟೆಲಿನ ಕಂಬದ ಮರೆಯಿಂದ.

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಗಂಡಸಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹೆಂಗಸಿನ ಜೊತೆ ಏನಂತ ಜಗಳ ಆಡುವುದು?

ಕಲ್ಲಿನ ಲಾರಿ ಹಿಡಿದು ಅವಳಿಗಿಂತ ಮೊದಲೇ ಮನೆ ಮುಟ್ಟಿದೆ. ಊಟಕ್ಕೆ ಕುಳಿತಾಗ ಏನೂ ಗೊತ್ತಿಲ್ಲದವನ ಹಾಗೆ ಕೇಳಿ ಎಲ್ಲ ಬಾಯಿ ಬಿಡಿಸಿದೆ. ಹೆಸರು ಲಾಡಬಿ. ಅವಳಿಗೂ ಇದೇ ರೋಗ, ಬೆನ್ನಿಗೆ ಮತ್ತು ಕೈಗೆ. ಗಂಡ ತವರಿಗೆ ಕಳಿಸಿಬಿಟ್ಟಿದ್ದಾನೆ. ಮೊದಲು ಕರದಂಟಿನ ಅಂಗಡಿಗೆ, ಅದರಲ್ಲಿ ಹಾಕುವ ತಿನ್ನುವ ಅಂಟು ಆರಿಸಿ ಕೊಡುತ್ತಿದ್ದಳು, ಕೈಗೆ ಬಂದಮೇಲೆ ಅವರೂ ಬಿಡಿಸಿದರು. ಈಗ ಅಣ್ಣ ಜಾಫರಸಾಬನ ಮನೆಯಲ್ಲಿದ್ದಾಳೆ. ವಾರ್ಡಿನಲ್ಲಿ ಇರುವುದು ಒಬ್ಬಳೇ ಸಿಸ್ಟರ್, ಮುಲಾಮು ಹಚ್ಚಿಕೊಳ್ಳಲು ತಮ್ಮ ಬೆನ್ನು ತಮಗೆ ನಿಲುಕುವುದಿಲ್ಲ. ಅದಕ್ಕೆ ಸಿಸ್ಟರ್ ಹೆಂಗಸರನ್ನು ಜೋಡಿ ಮಾಡಿ ಬಿಡುತ್ತಾಳಂತೆ. ಇವಳ ಬೆನ್ನಿಗೆ ಅವಳು, ಅವಳ ಬೆನ್ನಿಗೆ ಇವಳು.

"ಲಾಡಬಿ ಕೈ ಭಾಳ ಹಗರ ಐತ್ರಿ," ಅಂದಳು.

ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳದೆ ಎದ್ದು ಕೈ ತೊಳೆದೆ.

೨೪ ಫೆಬ್ರುವರಿ, ಮಂಗಳವಾರ

ವಿಮೆಯವರಿಗೆ ಕಳಿಸಿದ ಅರ್ಜಿ ವಾಪಸು ಬಂದಿದೆ. ರೋಗಿ ದವಾಖಾನೆಗೆ ಬಂದು ಹೋಗಲು ಏನು ತೊಂದರೆ, ಕಾರಣ ಬರೆಯಿರಿ ಅಂತ ಕೇಳಿದ್ದಾರೆ. ಬರೆದೆ. 'ಬಸ್ಸಿನಲ್ಲಿ ಪ್ರಯಾಣ ಮಾಡುವ ಶಕ್ತಿ ಇಲ್ಲ. ಕುಳಿತರೆ ಮೈಯೆಲ್ಲ ಉರಿ, ಬಹಳ ನರಳುತ್ತಾಳೆ.'

ಬರೆದು ಮುಗಿಸುವ ಹೊತ್ತಿಗೆ ಅವಳು ಬಸ್ಸಿನಿಂದ ಇಳಿದು ಬಂದಳು. ಕೆಂಪಗೆ, ಗೆಲುವಾಗಿ. ಲಾಡಬಿ ಹೀಗಂದಳು, ಲಾಡಬಿ ಹಾಗಂದಳು. ಸಾಕಾಗಿದೆ ನನಗೆ ಆ ಹೆಸರು.

೨೦ ಮಾರ್ಚ್, ಶುಕ್ರವಾರ

ಮಾನ ಹೋಯಿತು.

ಸಂಜೆ ಬಾಗಿಲಲ್ಲಿ ನಿಂತಿದ್ದೆ. ನೀಲಾ ಬಂದಳು, ಹಿಂದೆಯೇ ಛತ್ರಿ ಹಿಡಿದ ಬಡಕಲು ಮನುಷ್ಯನೊಬ್ಬ ಬಂದ. ಬಾಯಲ್ಲಿ ಏನೋ ಅಗಿಯುತ್ತಿದ್ದ.

"ನಮಸ್ಕಾರ್ರಿ. ನಾ ವಿಮಾ ಆಫೀಸಿನಿಂದ ಬಂದೇನಿ, ಅಮಾತೆಪ್ಪ ಅಂತ. ಪೇಷಂಟ್ ನೋಡಬೇಕಿತ್ತು. ಮಲಗ್ಯಾರೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ನೀಲಾ, "ಪೇಷಂಟ್ ನಾನ ರೀ," ಅಂದಳು.

ಅಮಾತೆಪ್ಪ ಅವಳನ್ನು ನೋಡಿದ, ನನ್ನನ್ನು ನೋಡಿದ. ಅಗಿಯುವುದನ್ನು ನಿಲ್ಲಿಸಿದ. "ಬಾಗಲಕೋಟಿಯಿಂದ ಇವ್ರ ಹಿಂದಿನ ಸೀಟಿನಾಗ ಕುಂತ ಬಂದೇನ್ರಿ. ಅಮೀನಗಡದ ತನಕಾ ಇವ್ರೂ ಇವ್ರ ಗೆಳತೀನೂ ನಕ್ಕೋಂತ ಬಂದ್ರು. ನರಳಿದ್ದು ನಾ ಏನ ಕೇಳಲಿಲ್ಲ. ಇಳಿಯೂ ಮುಂದ ಆಕಿ ನನಗೂ ಕರದಂಟ ಕೊಟ್ಲು. ನಮ್ಮ ಅಕ್ಕ ಒಂದ ದಿನಾನೂ ಬಸ್ ತಪ್ಪಿಸಿಲ್ರಿ ಅಂತ ಹೇಳಿದ್ಲು."

ನಮ್ಮ ಮನೆಯಲ್ಲಿಯೇ ಕುಳಿತು, ನಮ್ಮ ಮನೆಯ ನೀರು ಕುಡಿದು, ರೋಗಿ ಪ್ರಯಾಣಕ್ಕೆ ಶಕ್ತಳು ಅಂತ ಬರೆದುಕೊಂಡ. ನಾನು ಕಳಿಸಲು ಮೆಟ್ಟಿಲವರೆಗೆ ಹೋದೆ. ಅಲ್ಲಿ ಮೆಲ್ಲಗೆ ಅಂದ, "ಸುಳ್ಳ ಯಾಕ ಬರೀತೀರ್ರಿ? ದಿನಾ ಲೈಟ್ ಕೊಡಬೇಕು, ದಿನಾ ಬಂದ ಹೋಗೂದ ಆಗೂದಿಲ್ಲ ಅಂತ ಡಾಕ್ಟರ ಕಡಿಂದ ಬರಸ್ರಿ. ಮತ್ತ ಮನಿಯಾಗ ಮುಲಾಮ ಹಚ್ಚಾವ್ರು ಯಾರು, ಅವ್ರು ಅದನ್ನ ಕಲತಾರೋ ಇಲ್ಲೋ, ಅದೂ ಬೇಕು."

ಒಳಗೆ ಬಂದರೆ ನೀಲಾ ಇನ್ನೂ ನಿಂತೇ ಇದ್ದಳು.

"ನಾ ಬಸ್ಸಿನಾಗ ಕುಂಡ್ರಲಾರದಾಕಿ ಅಂತ ಬರದೀರೇನ್ರಿ?"

"ನಿನ್ನ ಸಲುವಾಗೇ ಬರದೇನಿ."

"ನನ್ನ ಸಲುವಾಗಿದ್ರ ನನ್ನ ಒಂದ ಮಾತ ಕೇಳತಿದ್ರಿ."

"ಎಲ್ಲಾ ಲಾಡಬೀನ್ನ ಕೇಳಿ ಮಾಡಬೇಕಾಗಿತ್ತೇನು?" ಅಂದುಬಿಟ್ಟೆ. ಆ ಹೆಸರು ನನ್ನ ಬಾಯಿಂದ ಅಷ್ಟು ಜೋರಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ನೀಲಾ ಒಲೆ ಹಚ್ಚಲು ಹೋದಳು.

೨೧ ಮಾರ್ಚ್, ಶನಿವಾರ

ಮಾತಿಲ್ಲ.

೨೨ ಮಾರ್ಚ್, ರವಿವಾರ

ಮಾತಿಲ್ಲ. ಪಲ್ಯಕ್ಕೆ ಉಪ್ಪೂ ಇಲ್ಲ.

೨೩ ಮಾರ್ಚ್, ಸೋಮವಾರ

ಇವತ್ತು ಮಾತಾಡಿದಳು. ಮಾತಾಡದಿದ್ದರೇ ಚೆನ್ನಾಗಿತ್ತು.

ಜೋಳ ಹಸನು ಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು. "ಆ ವಾರ್ಡಿನಾಗ ಆಕಿ ನನ್ನ ಬೆನ್ನ ಮ್ಯಾಲೆ ಅಂಗೈ ಇಡತಾಳ್ರಿ. ಅರಬೀಲೆ ಅಲ್ಲ, ಕಡ್ಡೀಲೆ ಅಲ್ಲ, ಅಂಗೈಲೆ. ಮೂರ ವರ್ಷದಾಗ ನನ್ನ ಹಂಗ ಯಾರರ ಮುಟ್ಟ್ಯಾರೇನು, ನೀವ ಹೇಳ್ರಿ."

ನಾನು ಮುಟ್ಟಿಲ್ಲವೇ? ಹೋದ ದಸರೆಯಲ್ಲಿ ಬನ್ನಿ ಕೊಡುವಾಗ ಕೈಗೆ ಕೈ ತಾಗಿತ್ತು. ಅದನ್ನೇ ಹೇಳಿದೆ. ಅವಳು ಮೊರವನ್ನು ಅಲ್ಲೇ ಇಟ್ಟು ಎದ್ದು ಹೋದಳು.

ಹೇಳಿದ್ದರಲ್ಲಿ ಸುಳ್ಳೇನಿತ್ತು? ತಾಗಿದ್ದು ಖರೆ.

೭ ಏಪ್ರಿಲ್, ಮಂಗಳವಾರ

ರಜೆ ಹಾಕಿ ಅವಳ ಜೊತೆ ಬಾಗಲಕೋಟೆಗೆ ಹೋದೆ. ಅಮೀನಗಡದಲ್ಲಿ ಲಾಡಬಿ ಹತ್ತಿದಳು. ನನ್ನನ್ನು ಕಂಡು ಸೆರಗು ಎಳೆದುಕೊಂಡು ಮುಂದಿನ ಸೀಟಿಗೆ ಹೋದಳು. ನೀಲಾ ದಾರಿಯುದ್ದಕ್ಕೂ ಆ ಸೀಟಿನ ಬೆನ್ನನ್ನು ನೋಡುತ್ತಾ ಕುಳಿತಳು. ನನ್ನ ಪಕ್ಕದಲ್ಲಿ ಕುಳಿತಾಗ ಇವಳಿಗೆ ನಗಲು ಏನೂ ಸಿಗುವುದಿಲ್ಲ.

ಡಾಕ್ಟರು ಖರೆ ಹೇಳಿದರು. ವಾರಕ್ಕೆ ಎರಡು ಸಲ ಸಾಲದು, ದಿನಾ ಲೈಟು ಬಿದ್ದರೆ ಬೇಗ ಗುಣ. ಲೈಟು ಮನೆಗೆ ಬರುವುದಾದರೆ ಬರೆದುಕೊಡುತ್ತೇನೆ, ಆದರೆ ಹಚ್ಚುವವರು ಮೊದಲು ಕಲಿಯಬೇಕು ಅಂದರು. ನೀಲಾ ವಾರ್ಡಿನ ಕಡೆ ಒಮ್ಮೆ ನೋಡಿ, "ಆಗ್ಲಿ ಬಿಡ್ರಿ," ಅಂದಳು. ಗುಣವಾಗುವುದು ಯಾರಿಗೆ ಬೇಡ?

ಹೆಂಗಸರ ವಾರ್ಡು, ನನ್ನನ್ನು ಪರದೆಯ ಒಳಗೆ ಬಿಡಲಿಲ್ಲ. ಸಿಸ್ಟರ್ ಶಿವಲಿಂಗವ್ವ ನೀಲಾನನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿ ತೋಳು ನನ್ನ ಮುಂದೆ ಹಿಡಿಸಿದಳು. ಎರಡು ಬೆರಳಿನಲ್ಲಿ ಮುಲಾಮು ತೆಗೆದುಕೊಂಡು ಹಚ್ಚಿದೆ.

"ಇದೇನ್ರಿ, ಕಾದ ಹಂಚ ಮುಟ್ಟಿದಂಗ ಮುಟ್ಟಾಕತ್ತೀರಿ? ಅಂಗೈ ಇಡ್ರಿ."

ಅಂಗೈ ಇಟ್ಟೆ. ಚರ್ಮ ಒರಟಾಗಿತ್ತು, ಬೆಚ್ಚಗಿತ್ತು. ಇನ್ನೇನೂ ಆಗಲಿಲ್ಲ. ಏನಾಗುತ್ತದೆ ಅಂದುಕೊಂಡಿದ್ದೆನೋ ನನಗೇ ಗೊತ್ತಿಲ್ಲ.

"ಈಗ ಭಾಳ ಒತ್ತಾಕತ್ತೀರಿ. ಕಲ್ಲ ಪಾಲಿಶ್ ಮಾಡೂದಲ್ರಿ ಇದು."

ಪರದೆಯ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಯಾರು ಅಂತ ಬರೆಯುವ ಅವಶ್ಯಕತೆ ಇಲ್ಲ. ಹಟಕ್ಕೆ ಬಿದ್ದು ಕಲಿತೆ. ಮೂರನೆಯ ಸಲಕ್ಕೆ ಸಿಸ್ಟರ್ ಒಪ್ಪಿದಳು. ಕಾಗದದಲ್ಲಿ ನನ್ನ ಹೆಸರು ಬಂತು: 'ಹಚ್ಚುವವರು, ಗಂಡ ಈರಪ್ಪ.' ಆ ಸಾಲನ್ನು ಬಸ್ಸಿನಲ್ಲಿ ಎಷ್ಟು ಸಲ ಓದಿದೆನೋ.

೧೫ ಮೇ, ಶುಕ್ರವಾರ

ಮಂಜೂರಾಯಿತು. ಇವತ್ತೇ ಲೈಟು ಪಾರ್ಸಲಿನಲ್ಲಿ ಬಂತು. ಎರಡು ಷರತ್ತು ಹಾಕಿದ್ದಾರೆ. ಮುಲಾಮು ಹಚ್ಚಿ ಲೈಟು ಕೊಡುವವನು ನಾನೇ ಆಗಿರಬೇಕು. ರೋಗಿಯನ್ನು ಬಿಟ್ಟು ಬೇರೆ ಯಾರಿಗೂ ಅದನ್ನು ಬಳಸಬಾರದು. ತಪ್ಪಿದರೆ ಲೈಟು ವಾಪಸು ಒಯ್ಯುತ್ತಾರೆ.

ಬಳಸುವುದಿಲ್ಲ, ಬಳಸುವುದಿಲ್ಲ. ಇನ್ನು ಮಂಗಳವಾರವಿಲ್ಲ, ಶುಕ್ರವಾರವಿಲ್ಲ. ಗೆದ್ದೆ.

೧೮ ಮೇ, ಸೋಮವಾರ

ಮೊದಲ ದಿನ. ಬೆಳಿಗ್ಗೆ ಬಾಗಿಲು ಹಾಕಿ, ಚಿಲಕ ಏರಿಸಿ, ಅವಳನ್ನು ಮಣೆಯ ಮೇಲೆ ಕೂರಿಸಿದೆ. ಸೆರಗು ಸರಿಸಿದಳು. ಅವಳ ಬೆನ್ನನ್ನು ನಾನು ನೋಡಿಯೇ ಇರಲಿಲ್ಲ ಅಂದರೆ ತಪ್ಪಾಗುತ್ತದೆ, ದೂರದಿಂದ ನೋಡಿದ್ದೆ. ಹತ್ತಿರದಿಂದ ಅದು ಬೇರೆಯೇ. ಎಲ್ಲ ಚಕ್ಕೆಯೂ ಒಂದೇ ರೀತಿ ಇಲ್ಲ. ಎಡಗಡೆಯವು ಸಣ್ಣ ಸಣ್ಣವು, ಒಂದಕ್ಕೊಂದು ಹತ್ತಿಕೊಂಡಿವೆ. ನಡುವಿನ ಹತ್ತಿರದ್ದು ಸೀರೆ ಕಟ್ಟುವ ಜಾಗಕ್ಕೆ ಸರಿಯಾಗಿ ಇದೆ, ಅದು ಉಜ್ಜಿ ಉಜ್ಜಿ ಒಡೆದಿದೆ. ದೊಡ್ಡದು ಬಲ ಹೆಗಲಿನ ಕೆಳಗೆ, ನನ್ನ ಅಂಗೈಯಷ್ಟು. ಅಂಗೈ ಇಟ್ಟು ನೋಡಿದೆ, ಸರಿಯಾಗಿ ಅಷ್ಟೇ. ಈ ಮೂರು ವರ್ಷ ಅವಳು ಅದರ ಮೇಲೆ ಹೇಗೆ ಮಲಗುತ್ತಿದ್ದಳು ಅಂತ ಯೋಚನೆ ಬಂತು.

ಮುಲಾಮು ಹಚ್ಚಿ, ಕಪ್ಪು ಕನ್ನಡಕ ಹಾಕಿಸಿ, ಲೈಟು ಹಚ್ಚಿದೆ. ಕೋಣೆಯೆಲ್ಲ ನೇರಳೆ ಬಣ್ಣ.

"ಹೆಂಗೈತಿ?" ಅಂತ ಕೇಳಿದೆ.

"ಚಲೋ ಐತ್ರಿ."

"ನನ್ನ ಕೈ?"

"ಅದೂ ಚಲೋ ಐತ್ರಿ," ಅಂದಳು. ಹಗುರ ಅನ್ನಲಿಲ್ಲ.

೨೭ ಮೇ, ಬುಧವಾರ

ಹೊರಗಿನ ಕೋಣೆಯಲ್ಲಿ ಸೊಳ್ಳೆ ವಿಪರೀತ. ಹಾಸಿಗೆ ಒಳಗೆ ತಂದೆ.

೯ ಜೂನ್, ಮಂಗಳವಾರ

ಬಲ ಹೆಗಲಿನ ಕೆಳಗಿನದು ಅಂಚಿನಿಂದ ಕರಗುತ್ತಾ ಬಂದಿದೆ. ನನ್ನ ಕೈ ಗುಣ ಅಂತ ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಆದರೆ ದವಾಖಾನೆಯಲ್ಲಿ ಅದು ಕರಗಿರಲಿಲ್ಲ. ಇಲ್ಲಿ ಕರಗಿದೆ.

ಆದರೂ ಮನೆಯಲ್ಲಿ ಸಪ್ಪಳವೇ ಇಲ್ಲ. ಹಚ್ಚಿಸಿಕೊಳ್ಳುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ನಗುವುದಿಲ್ಲ. ಇವತ್ತು ಬೆಳಿಗ್ಗೆ ಎಂಟರ ಬಸ್ಸಿನ ಹಾರ್ನು ಕೇಳಿ ತಲೆ ಎತ್ತಿದಳು. ನಾನು ನಗಿಸೋಣ ಅಂತ ಮ್ಯಾನೇಜರು ಬೂಟು ಕಳೆದುಕೊಂಡ ಕಥೆ ಹೇಳಿದೆ. "ಹೌದ್ರಿ?" ಅಂದಳು.

ಮಧ್ಯಾಹ್ನ ಬಸ್ ಕಂಡಕ್ಟರ್ ಚಂದಪ್ಪ ಸ್ಟೋರಿಗೇ ಬಂದ. ಪೊಟ್ಟಣ ಕೊಟ್ಟ. "ಅಮೀನಗಡದ ಲಾಡಬಿ ಕೊಟ್ಟಾಳ್ರಿ, ನೀಲಾಬಾಯಿ ಅಕ್ಕಾರಿಗೆ ಅಂತ."

ಸಂಜೆ ಒಯ್ದು ಕೊಟ್ಟರಾಯಿತು ಅಂತ ಡ್ರಾಯರಿನಲ್ಲಿಟ್ಟೆ. ಸಂಜೆ ಮರೆತೆ.

೧೨ ಜೂನ್, ಶುಕ್ರವಾರ

ಮರೆತಿಲ್ಲ. ಡ್ರಾಯರ್ ತೆಗೆದಾಗಲೆಲ್ಲ ತುಪ್ಪದ ವಾಸನೆ. ಇವತ್ತು ಒಂದು ತುಂಡು ತಿಂದೆ. ಆಮೇಲೆ ಇನ್ನೊಂದು ತಿಂದೆ. ಸಿಟ್ಟಿನಲ್ಲಿ ಎಲ್ಲ ತಿಂದೆ. ಚೆನ್ನಾಗಿಯೇ ಇತ್ತು, ಅದಕ್ಕೆ ಇನ್ನೂ ಸಿಟ್ಟು ಬಂತು.

೧೬ ಜೂನ್, ಮಂಗಳವಾರ

ಚಂದಪ್ಪ ಮತ್ತೆ ಸಿಕ್ಕ. "ಅಕ್ಕಾರು ಏನಂದ್ರು ಅಂತ ಆಕಿ ಕೇಳಾಕತ್ತಾಳ್ರಿ."

"ಚಲೋ ಇತ್ತು ಅಂದ್ಲು."

"ಅಷ್ಟ ಏನ್ರಿ?" ಅಂದು ಸ್ವಲ್ಪ ನಿಂತ. "ಪಾಪ, ಆಕಿ ಬಾಗಲಕೋಟಿಗೆ ಹೋಗೂದ ಬಿಟ್ಟಾಳ್ರಿ. ಅಕ್ಕಾರು ಜೋಡಿ ಇದ್ರು ಅಂತ ಅಣ್ಣ ಕಳಸತಿದ್ದ. ಈಗ ಒಬ್ಬಾಕಿನ್ನ ಕಳಸೂದಿಲ್ಲ. ಕೈ ಮತ್ತ ಒಡದಾವಂತ. ಪೊಟ್ಟಣ ಕೊಡಾಕ ಸ್ಟ್ಯಾಂಡಿಗೆ ಬಂದಾಗ ಕೈಗೆ ಅರಬಿ ಸುತ್ತಿಕೊಂಡಿದ್ಲು."

ನಾನೇನು ಮಾಡಲಿ? ನಾನು ಅವಳ ಲೈಟು ಆರಿಸಿದೆನೇ?

೧೮ ಜೂನ್, ಗುರುವಾರ

ಬಟ್ಟೆ ಒಗೆಯುವಾಗ ನನ್ನ ಪ್ಯಾಂಟಿನ ಜೇಬಿನಲ್ಲಿ ನೀಲಾಗೆ ಕರದಂಟಿನ ಕಾಗದ ಸಿಕ್ಕಿತು. ಅಂಗಡಿಯ ಹೆಸರಿನ ಮೇಲೆ ಬೆರಳಿಟ್ಟಳು. ಚಂದಪ್ಪ ತಂದದ್ದು ಅಂತ ಹೇಳಲೇಬೇಕಾಯಿತು.

"ಎಲ್ಲಾ ನೀವ ತಿಂದ್ರಿ?"

"ಹೂಂ."

"ಚಲೋ ಇತ್ತೇನ್ರಿ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಆ ಎಣ್ಣೆಗಾಗದವನ್ನು ಮಡಚಿ, ದೇವರ ಗೂಡಿನ ಪಕ್ಕ ಇಟ್ಟಳು. ಲಾಡಬಿಯ ಕೈ ಒಡೆದ ಸುದ್ದಿಯನ್ನೂ ಆಗಲೇ ಹೇಳಿಬಿಟ್ಟೆ. ಅವಳು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. "ಆಕಿ ಬೆನ್ನಿಗೆ ಈಗ ಯಾರ ಹಚ್ಚತಾರ?" ಅಂತ ಒಂದೇ ಮಾತು. ನನ್ನನ್ನು ಕೇಳಿದ್ದಲ್ಲ, ನೀರನ್ನು ನೋಡುತ್ತಾ ಅಂದದ್ದು. ನನಗೆ ಬಹಳ ಸಂಕಟವಾಯಿತು. ಹೊಟ್ಟೆಕಿಚ್ಚೂ ಆಯಿತು. ನನ್ನ ಬಗ್ಗೆ ಅವಳು ಹಾಗೆ ಯಾವತ್ತಾದರೂ ಕೇಳಿದ್ದಾಳೆಯೇ?

೨೧ ಜೂನ್, ರವಿವಾರ

ಅಮೀನಗಡಕ್ಕೆ ಹೋದೆ. ನೀಲಾಗೆ ಹುನಗುಂದದಲ್ಲಿ ಕೆಲಸವಿದೆ ಅಂತ ಹೇಳಿದೆ. ಜಾಫರಸಾಬನದು ಸೈಕಲ್ ಅಂಗಡಿ, ಹಿಂದೆಯೇ ಮನೆ. ಒಳ್ಳೆಯ ಮನುಷ್ಯ. ನಾನು ಯಾರು ಅಂತ ತಿಳಿದ ಕೂಡಲೇ ಖುರ್ಚಿ ಒರೆಸಿ ಹಾಕಿದ.

"ಅಕ್ಕಾರ ಜೋಡಿ ಕಳಸೂದಕ್ಕ ನನಗೇನೂ ಅಂಜಿಕಿ ಇರಲಿಲ್ರಿ. ಒಬ್ಬಾಕಿನ್ನ ಹೆಂಗ ಕಳಸ್ಲಿ? ಬಸ್ಸಿನಾಗ ಕೈ ನೋಡಿ ಮಂದಿ ಎದ್ದ ಹೋಗತಾರಂತ, ಆಕಿನೂ ಒಲ್ಲೆ ಅಂತಾಳು."

ಬಾಗಿಲ ಹಿಂದಿನಿಂದ ದನಿ ಬಂತು. "ಅಕ್ಕನ ಬೆನ್ನ ಹೆಂಗೈತ್ರಿ ಭಾವಾರ?"

ನನ್ನನ್ನು ಭಾವ ಅನ್ನಲು ಇವಳು ಯಾರು ಅಂತ ರೇಗಿತು. ಆದರೆ ಬೆನ್ನಿನ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. "ನಡುವಿಂದು ಮಾಯ್ದೈತಿ. ಬಲ ಹೆಗಲ ಕೆಳಗಿಂದು ಐತಲ್ಲ, ಅಂಗೈಯಷ್ಟ ದೊಡ್ಡದಿತ್ತು, ಈಗ ರೂಪಾಯಿಯಷ್ಟ ಆಗೇತಿ. ಅದನ್ನ ನಾನ ಸಣ್ಣ ಮಾಡೇನಿ," ಅಂದೆ.

"ಅದು ನನ್ನ ಕೈಯಾಗ ಕರಗಲೇ ಇಲ್ರಿ," ಅಂದಳು. ಸಂತೋಷದಿಂದಲೇ ಅಂದಳು. ನಾನು ಜಂಬ ಕೊಚ್ಚಿಕೊಳ್ಳಲು ಹೋಗಿದ್ದೆ, ಅವಳು ಸಂತೋಷಪಟ್ಟಳು. ಚಹಾ ಕಪ್ಪು ಬಾಗಿಲ ಸಂದಿಯಿಂದ ಬಂತು. ಹಿಡಿದ ಕೈಗೆ ಅರಬಿ ಸುತ್ತಿತ್ತು, ಅದರ ಮೇಲೆ ರಕ್ತದ ಕಲೆ ಇತ್ತು.

"ಶುಕ್ರವಾರಕ್ಕೊಮ್ಮೆ ಇಳಕಲ್ಲಿಗೆ ಕಳಸ್ರಿ," ಅಂತ ಜಾಫರಸಾಬನಿಗೆ ಹೇಳಿದೆ. "ಚಂದಪ್ಪನ ಬಸ್ಸಿಗೆ ಹತ್ತಸ್ರಿ, ಸ್ಟ್ಯಾಂಡಿಗೆ ನೀಲಾ ಬರತಾಳು."

"ಚಂದಪ್ಪ ಹೇಳಿದ, ನಿಮ್ಮ ಲೈಟಿಗೆ ಏನೋ ಷರತ್ತ ಐತಂತಲ್ರಿ?"

"ಅದನ್ನ ನಾ ನೋಡಕೋತೇನಿ."

ಏನು ನೋಡಿಕೊಳ್ಳುತ್ತೇನೋ ದೇವರಿಗೇ ಗೊತ್ತು. ಮನೆಗೆ ಬಂದು ನೀಲಾಗೆ ಹೇಳಿದೆ. ರಾತ್ರಿ ಪಲ್ಯಕ್ಕೆ ಹಾಕುವ ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಜಾಸ್ತಿ ಹಾಕಿದ್ದಳು, ನನಗೆ ಸೇರುವ ಹಾಗೆ.

೨೬ ಜೂನ್, ಶುಕ್ರವಾರ

ಬಂದಳು. ಊಟದ ಬಿಡುವಿನಲ್ಲಿ ಮನೆಗೆ ಹೋದೆ. ಬುತ್ತಿ ಒಯ್ದಿದ್ದೆ, ಆದರೂ ಹೋದೆ. ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಕುಳಿತೆ. ಒಳಗೆ ಪಿಸುಪಿಸು, ಆಮೇಲೆ ನಗು. ಆರು ವಾರದ ನಗುವನ್ನೆಲ್ಲ ನೀಲಾ ಒಟ್ಟು ಕೂಡಿಸಿ ಇಟ್ಟಿದ್ದಳೇನೋ.

ನನ್ನ ಮನೆ, ನನ್ನ ಹೆಂಡತಿ, ನಾನು ಹೋರಾಡಿ ತರಿಸಿದ ಲೈಟು. ಬಿಸಿಲಿನಲ್ಲಿ ಹೊರಗೆ ಕುಳಿತವನು ನಾನು. ಆದರೂ ಬಿಡುವು ಮುಗಿಯುವವರೆಗೆ ಏಳಲಿಲ್ಲ.

೧೭ ಜುಲೈ, ಶುಕ್ರವಾರ

ಹೆದರಿದ್ದೇ ಆಯಿತು. ಮಧ್ಯಾಹ್ನ ಮೆಟ್ಟಿಲ ಮೇಲೆ ಕುಳಿತಿದ್ದೆ, ಎದುರಿಗೆ ಛತ್ರಿ ಬಂದು ನಿಂತಿತು. ಅಮಾತೆಪ್ಪ. ಲೈಟು ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಅಂತ ನೋಡಲು, ಹೇಳದೆ ಕೇಳದೆ ಬಂದಿದ್ದ.

ಬಾಗಿಲಲ್ಲಿ ಎರಡು ಜೊತೆ ಹೆಣ್ಣುಮಕ್ಕಳ ಚಪ್ಪಲಿ ನೋಡಿದ. "ಒಳಗ ಯಾರದಾರ್ರಿ?"

"ನಮ್ಮ ಮನಿಯವ್ರು."

"ಮತ್ತೊಬ್ರು?"

ಅತ್ತಿಗೆ ಅನ್ನಬೇಕು, ಊರಿಂದ ಬಂದವರು ಅನ್ನಬೇಕು ಅಂತ ವಾರಗಟ್ಟಲೆ ತಯಾರಿ ಮಾಡಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಒಳಗೆ ಇಬ್ಬರೂ ನಕ್ಕರು. ಅಮಾತೆಪ್ಪ ಕಿವಿಗೊಟ್ಟು ಕೇಳಿದ. "ಈ ನಗಿ ನಾ ಕೇಳೇನ್ರಿ. ಬಾಗಲಕೋಟಿಯಿಂದ ಅಮೀನಗಡದ ತನಕಾ ಕೇಳೇನಿ."

ಇನ್ನು ಸುಳ್ಳಿಗೆ ಜಾಗವಿರಲಿಲ್ಲ.

ಅವನು ಮೆಟ್ಟಿಲ ಮೇಲೆಯೇ ನನ್ನ ಪಕ್ಕ ಕುಳಿತು ಫೈಲು ತೆಗೆದ. "ಹಚ್ಚಾವ್ರು ಗಂಡ ಅಂತ ಐತಿ. ಗಂಡ ಹೊರಗ ಕುಂತಾನು. ನಾ ಏನಂತ ಬರೀಲಿ? ಬ್ಯಾರೆದವ್ರ ಅದಾರು ಅಂತ ಬರದ್ರ ನಾಳೆನ ಲೈಟ್ ಒಯ್ಯತಾರು."

ಲೈಟು ಹೋದರೆ ನೀಲಾನ ಬೆನ್ನು ಮತ್ತೆ ಮೊದಲಿನ ಹಾಗಾಗುತ್ತದೆ. ಲಾಡಬಿಯನ್ನು ಕಳಿಸಿದರೆ ಲೈಟು ಉಳಿಯುತ್ತದೆ, ನಗು ಹೋಗುತ್ತದೆ. ಎರಡನ್ನೂ ಕಂಡವನು ನಾನು.

"ನನ್ನ ಹೆಸರ ಹೊಡದ ಹಾಕ್ರಿ," ಅಂದೆ. "ಹಚ್ಚಾವ್ರು ಲಾಡಬಿ, ಅಮೀನಗಡ ಅಂತ ಬರೀರಿ. ಸಿಸ್ಟರ್ ಶಿವಲಿಂಗವ್ವನ್ನ ಕೇಳ್ರಿ ಬೇಕಾದ್ರ. ನನಗಿಂತ ಮೊದ್ಲ ಕಲತಾಕಿ ಆಕಿ. ನನಗಿಂತ ಚಲೋ ಹಚ್ಚತಾಳು. ಆಕಿ ಕೈ ಹಗರ ಐತಿ."

ಈ ಕೊನೆಯ ಮಾತು ಹೇಳುವಾಗ ಹೊಟ್ಟೆ ಉರಿಯಿತು. ಇದ್ದದ್ದನ್ನು ಬರೆಯುತ್ತೇನೆ, ಚೆನ್ನಾಗಿಯೇ ಉರಿಯಿತು. ನನ್ನ ಹೆಸರಿದ್ದ ಆ ಸಾಲಿಗಾಗಿ ನಾನು ವರಾಂಡದಲ್ಲಿ ಮಾನ ಕಳೆದುಕೊಂಡು ಕಲಿತಿದ್ದೆ.

ಅಮಾತೆಪ್ಪ ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡ. "ಹೆಸರ ಯಾಕ ಹೊಡೀಬೇಕ್ರಿ? ಇಬ್ರ ಹೆಸರ ಬರಿಯಾಕ ಬರತೈತಿ. ಸಿಸ್ಟರ್ ಕಡಿಂದ ಒಂದ ಚೀಟಿ ತರಸ್ರಿ ಸಾಕು. ಶುಕ್ರವಾರ ಲಾಡಬಿ, ಉಳಿದ ದಿನ ಈರಪ್ಪ. ಆತಲ್ರಿ?"

"ಆಕಿ ಕೈ ಮ್ಯಾಲೂ ಲೈಟ್ ಬೀಳತೈತ್ರಿ," ಅಂದೆ. ಮುಚ್ಚಿಟ್ಟು ಒಂದು ಸಲ ಸಾಕಾಗಿತ್ತು.

"ಹಚ್ಚಾವ್ರ ಕೈ ಲೈಟಿನ ಮುಂದ ಬರೂದ," ಅಂದ. "ಅದನ್ನ ಬರಿಯಾಕ ನಾ ಬಂದಿಲ್ಲ." ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕರದಂಟ ತಂದಾರೇನ್ರಿ ಇವತ್ತ?"

ತಂದಿದ್ದಳು. ದೊಡ್ಡ ತುಂಡು ಅಮಾತೆಪ್ಪನಿಗೆ ಹೋಯಿತು, ನನಗೆ ಬಂದದ್ದು ಸಣ್ಣದು. ಲಾಡಬಿ ಸಂಜೆಯ ಬಸ್ಸಿಗೆ ಹೋದಳು. ಕೈಗೆ ಅರಬಿ ಸುತ್ತಿರಲಿಲ್ಲ.

ಈಗ ಬರೆಯುವ ಮೊದಲು ನೀಲಾನ ಬೆನ್ನು ನೋಡಿದೆ, ಕೆಲಸ ಹೇಗೆ ಮಾಡಿದ್ದಾಳೆ ಅಂತ. ಎಲ್ಲ ಕಡೆ ನೀಟಾಗಿ ಹಚ್ಚಿದ್ದಾಳೆ, ಎಡಗಡೆ ನನಗಿಂತ ನೀಟು. ಬಲ ಹೆಗಲಿನ ಕೆಳಗಿನ ಚಕ್ಕೆಯನ್ನು ಮಾತ್ರ ಹಾಗೇ ಬಿಟ್ಟಿದ್ದಾಳೆ.

"ಇದನ್ಯಾಕ ಬಿಟ್ಟಾಳು?" ಅಂದೆ. ತಪ್ಪು ಸಿಕ್ಕಿತು ಅಂತ ಒಳಗೊಳಗೆ ಸ್ವಲ್ಪ ಖುಷಿಯೂ ಆಗಿತ್ತು.

"ಅದು ಭಾವಾರ್ದು, ನಾ ಮುಟ್ಟೂದಿಲ್ಲ ಅಂದ್ಲು," ಅಂತ ನೀಲಾ ನಕ್ಕಳು. ಒಳಗಿನ ದವಡೆ ಹಲ್ಲು ಕಂಡಿತು.

ನಾಳೆ ಶನಿವಾರ. ನನ್ನ ಪಾಳಿ.